ಬಾಯಿ ಬಿಡದವಕ್ಕೆ

ಕಾಳಿ ನದಿ ಇಳಿಯುವ ಹೊತ್ತು
ಕೋಡಿಬಾಗದ ಕೆಳಗೆ, ಮೊಣಕಾಲುದ್ದ ಕೆಸರಲ್ಲಿ,
ಮಾಯ್ ಕಾಲ್ಬೆರಳಿಂದಲೇ ತಿಸ್ರೆ ಹುಡುಕುತ್ತಿದ್ದಳು.
ಕಣ್ಣು ಬೇಡ ಇದಕ್ಕೆ, ಎನ್ನುವಳು.
ದೇವರನ್ನೂ ಹೀಗೇ ಹುಡುಕಬೇಕು ಮಾರ್ಸೆಲಿನ್,
ಎಂದು ಪಾದ್ರಾಬ ಹೇಳಿದರೆ ಮಾತ್ರ ನಗುವಳು:
"ನಿಮ್ಮ ಕಾಲಿಗೆ ಒಮ್ಮೆಯಾದರೂ ಚಿಪ್ಪು ಕೊಯ್ದಿದೆಯೇ?"

ಪೇಟೆಯಲ್ಲಿ ತಿಸ್ರೆ ತೂಕಕ್ಕಲ್ಲ, ಲೆಕ್ಕಕ್ಕೆ.
ಒಂದು ಕೈಗೆ ಐದು, ಇಪ್ಪತ್ತು ಕೈಗೆ ನೂರು.
ಎಣಿಸುವಾಗ ಅವಳ ದನಿಗೊಂದು ಓಟ,
ಇಳಿಜಾರಲ್ಲಿ ಸೈಕಲ್ಲು ಬಿಟ್ಟ ಹಾಗೆ.
ನೂರಾದ ಮೇಲೆ ಇನ್ನೊಂದು ಕೈ,
ಯಾರೂ ಕೇಳದೆಯೇ, ಚೀಲಕ್ಕೆ:
"ಇದು ಬಾಯಿ ಬಿಡದವಕ್ಕೆ."
ಎಷ್ಟು ಬೇಯಿಸಿದರೂ ತೆರೆಯದವು ಇರುತ್ತವೆ,
ಒಳಗೆ ಬರೀ ಕೆಸರು.
ಮೇಲಿಂದ ಎಲ್ಲಕ್ಕೂ ಅದೇ ಗೆರೆ, ಅದೇ ಹೊಳಪು.
ಯಾವುದೆಂದು ಅವಳಿಗೂ ಗೊತ್ತಿಲ್ಲ.
ಗೊತ್ತಿಲ್ಲದ್ದಕ್ಕೂ ಹೊಣೆ ಅವಳದೇ.

ಅವಳಿಗೆ ಜ್ವರ ಬಂದ ಒಂದು ಶನಿವಾರ
ಬುಟ್ಟಿ ನನ್ನ ತಲೆಗೆ. ನನಗೆ ಹದಿಮೂರು.
ನೂರಕ್ಕೇ ನಿಲ್ಲಿಸಿದೆ.
ಹುಡುಗಿ ಹೊಸಬಳು, ಯಾರೂ ಕೇಳಲಿಲ್ಲ.
ಹತ್ತು ಗಿರಾಕಿಗಳ ಐದೈದು ಕೂಡಿ ಐವತ್ತಾಯಿತು,
ಅದನ್ನು ಅಂಕೋಲೆ ಬಸ್ಸಿನ ಕಂಡಕ್ಟರಿಗೆ ಮಾರಿದೆ.
ಎರಡು ಗಜ ಹಸಿರು ರಿಬ್ಬನ್ನು.

ರಾತ್ರಿ ಮಾಯ್ ಚಿಮಣಿ ಹತ್ತಿರ ಎಳೆದು ದುಡ್ಡು ಎಣಿಸಿದಳು.
ದುಡ್ಡು ಸರಿಯಿತ್ತು.
ರಿಬ್ಬನ್ನು ಹೆಚ್ಚಿತ್ತು.
ಬೈಯಲಿಲ್ಲ. "ಅಯ್ಯೋ ಹುಚ್ಚೀ" ಎಂದು ನಕ್ಕಳು,
ಕೆಮ್ಮು ಬರುವ ತನಕ ನಕ್ಕಳು.
ಬಾರುಕೋಲು ವಾಸಿ ಅನಿಸಿತು.

ಭಾನುವಾರ ಕುಮ್ಸಾರಕ್ಕೆ ಹೋದೆ.
ಮೂರು 'ನಮಾನ್ ಮರಿಯೆ' ಹೇಳು, ಅಂದರು ಪಾದ್ರಾಬ.
ಹೇಳಿ ಹಗುರಾಗಿ ಹೊರಬಂದರೆ
ಮೆಟ್ಟಿಲ ಮೇಲೆ ಮಾಯ್, ಚಪ್ಪಲಿಯ ಉಂಗುಷ್ಟ ಸರಿಮಾಡುತ್ತ:
"ಅದು ದೇವರ ಲೆಕ್ಕ.
ಗಿರಾಕಿಗಳ ಲೆಕ್ಕ ಬೇರೆ."

ಸೋಮವಾರದ ಇಳಿತಕ್ಕೆ ಇಬ್ಬರೂ ಇಳಿದು ಆರಿಸಿದೆವು.
ಮನೆ ಮನೆಗೆ ಹೋದೆವು. ಮಾಯ್ ಗೇಟಿನಾಚೆ,
ಮಾತು ನಾನೇ ಆಡಬೇಕು.
ಐದು ತಿಸ್ರೆಗೆ ಏನು ಸಾರು ಮಾಡಲೇ, ಎಂದು ಗದರಿದಳು
ಪೋಲೀಸ್ ಕ್ವಾರ್ಟರ್ಸಿನ ಮೂರನೇ ಮನೆಯವಳು.
ದರ್ಜಿ ಶೇಖ್ ಸಾಬರು ಎಣಿಸಿ ತೆಗೆದುಕೊಂಡು
ಎರಡು ಪೇರಲೆ ಕೊಟ್ಟರು.
ವಕೀಲ ಪ್ರಭುಗಳ ನಾಯಿ ನನ್ನ ಲಂಗ ಹಿಡಿದೆಳೆಯಿತು,
ಗೇಟಿನಾಚೆ ಮಾಯ್ ಸೆರಗು ಬಾಯಿಗಿಟ್ಟು ಕುಲುಕಿದಳು.
ಏಳನೇ ಮನೆಯ ಹೊತ್ತಿಗೆ ನನಗೂ ನಗು.
ಹೇಗೆ ಬಂತೋ, ಇವತ್ತಿಗೂ ತಿಳಿಯದು.

ಕಂಡಕ್ಟರು ಮಾತ್ರ ಸಿಗಲಿಲ್ಲ.
ಐವತ್ತಕ್ಕೆ ಅರ್ಧ ಕೈ, ಅಂದರೆ ಎರಡೂವರೆ.
ಮಾಯ್ ಮೂರು ಅಂದಳು.
ಆ ಮೂರನ್ನು ನದಿಗೇ ಬಿಟ್ಟಳು:
"ಅವನ ಹೆಸರಲ್ಲಿ ಬೆಳೆಯಲಿ."

ಸದಾ ನಗುತ್ತಿದ್ದಳು ಎಂದಲ್ಲ.
ಒಂದು ಆಷಾಢ, ಕಾಳಿ ಕೆಂಪಗೆ ಉಕ್ಕಿ
ಒಲೆ ಹಚ್ಚಲು ಏನೂ ಇಲ್ಲದೆ ಇದ್ದಾಗ
ಸಾಂತ್ ಆಂತೋನಿಯ ಪಟವನ್ನು
ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು, ತಾನೂ ಹಾಗೇ ಮಲಗಿದಳು.
ನಾಲ್ಕನೇ ದಿನ ಎದ್ದು, ಪಟ ತಿರುಗಿಸಿ, ಧೂಳು ಒರೆಸಿ,
"ನಿನಗೂ ಬೇಜಾರಾಗಿರಬೇಕು ಬಾಬಾ" ಎಂದು
ಖಾಲಿ ಬುಟ್ಟಿಯನ್ನೇ ತೊಳೆಯಲು ಕುಳಿತಳು.
ತೊಳೆದು ಬೋರಲು ಹಾಕದಿದ್ದರೆ ನಾರುತ್ತದೆ, ಅಷ್ಟೇ,
ಎಂದಳು, ನಾನೇನೂ ಕೇಳಿರಲಿಲ್ಲ.

ಈಗ ಕಾರವಾರದ ಸರಕಾರಿ ಆಸ್ಪತ್ರೆಯ ಕಿಟಕಿಯ ಹಿಂದೆ
ಮಾತ್ರೆ ಎಣಿಸುತ್ತೇನೆ.
ಇಲ್ಲಿ ಐದು ಹೆಚ್ಚಿಗೆ ಕೊಡುವಂತಿಲ್ಲ.
ಬೆಳಿಗ್ಗೆ ಒಂದು, ರಾತ್ರಿ ಊಟದ ಮೇಲೆ ಒಂದು,
ಎಂದಾಗ ಸುಮ್ಮನೆ ತಲೆಯಾಡಿಸುವವರಿದ್ದಾರೆ.
ಅವರಿಗೆ ಇನ್ನೊಮ್ಮೆ ಹೇಳುತ್ತೇನೆ, ಬೆರಳು ಮಡಚಿ,
ಸಾಲು ಗೊಣಗಿದರೂ.
ಖಾಕಿ ಅಂಗಿಯ ಮುದುಕರು ಬಂದರೆ
ಮುಖ ನೋಡುತ್ತೇನೆ. ಕೇಳಲು ನಾಚಿಕೆ:
ನಲವತ್ತು ವರ್ಷದ ಹಿಂದೆ, ಅಂಕೋಲೆ ಬಸ್ಸು,
ನಿಮ್ಮ ತಿಸ್ರೆಯಲ್ಲಿ ಬಾಯಿ ಬಿಡದವು
ಎಷ್ಟಿದ್ದವು ಅಜ್ಜಾ?